ಗೆಲೆರ್ಟನ ಊರಿನಲ್ಲಿ ಒಂದು ವಸಂತದ ನಡಿಗೆ

ಬಾಲ್ಯದಲ್ಲಿ ಅಜ್ಜಿ ಹೇಳಿದ ಕಥೆಯೊಂದು ಸಾವಿರಾರು ಮೈಲು ದೂರದ ಒಂದು ಹಳ್ಳಿಯಲ್ಲಿ ಕಲ್ಲಾಗಿ ನಿಂತಿರುವುದನ್ನು ನೀವು ಎಂದಾದರೂ ನೋಡಿದ್ದೀರಾ? ನಾನು ನೋಡಿದೆ. ಕಳೆದ ವರ್ಷ ನಮ್ಮ ಶಾಲೆಗಳಿಗೆ ಬೇಸಿಗೆ ರಜೆ ಸಿಕ್ಕಾಗ ಮ್ಯಾಂಚೆಸ್ಟರ್‌ನಲ್ಲಿರುವ ತಮ್ಮನ ಮನೆಗೆ ಹೋಗಿದ್ದೆ. ಇಲ್ಲಿ ಬಾವಿಗಳ ತಳ ಕಾಣುವ ಎಪ್ರಿಲ್-ಮೇ ತಿಂಗಳು ಅಲ್ಲಿ ವಸಂತಕಾಲ. ಅಲ್ಲಿಂದ ಎರಡು ದಿನಗಳ ಮಟ್ಟಿಗೆ ರೈಲು ಹಿಡಿದು ವೇಲ್ಸ್‌ಗೆ ಹೋದೆ. ಹಿಂದೆ ನನ್ನೊಂದಿಗೆ ಒಂದೇ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಗೆಳತಿಯೊಬ್ಬಳು ಈಗ ಬಾಂಗೋರ್ ಎಂಬ ಊರಿನ ಸಮೀಪ ಇದ್ದಾಳೆ. ಅವಳ ಪತಿ ಅಲ್ಲಿ ವೈದ್ಯರು. ಹೆಸರು ಹಾಕಬೇಡ ಎಂದು ಅವಳು ಹೇಳಿದ್ದರಿಂದ ಈ ಲೇಖನದಲ್ಲಿ ಅವಳು ಬರೀ ಗೆಳತಿ.

ವೇಲ್ಸ್ ಎಂದರೆ ಇಂಗ್ಲೆಂಡಿನ ಒಂದು ಜಿಲ್ಲೆ ಎಂದು ನಾನೂ ತಿಳಿದಿದ್ದೆ. ಹಾಗಲ್ಲ. ಅದು ಬ್ರಿಟನ್ನಿನೊಳಗೆ ತನ್ನದೇ ಭಾಷೆ, ತನ್ನದೇ ಶಾಸನಸಭೆ ಇರುವ ನಾಡು. ಗೆಳತಿಯ ಕಾರಿನಲ್ಲಿ ಕುಳಿತು ಬೆಟ್ಟಗಳ ಕಡೆಗೆ ಹೊರಟಾಗ ಅದರ ಮೊದಲ ಪರಿಚಯವನ್ನು ರಸ್ತೆಯೇ ಮಾಡಿಸಿತು. ತಿರುವುಗಳಲ್ಲಿ ಡಾಂಬರಿನ ಮೇಲೆ ದೊಡ್ಡ ಬಿಳಿ ಅಕ್ಷರಗಳಲ್ಲಿ ಎರಡು ಪದಗಳನ್ನು ಬರೆದಿರುತ್ತಾರೆ. ಒಂದು ಇಂಗ್ಲಿಷಿನ 'ಸ್ಲೋ', ಇನ್ನೊಂದು 'ಅರಾವ್'. ಅರಾವ್ ಎಂದರೆ ವೆಲ್ಷ್ ಭಾಷೆಯಲ್ಲಿ ನಿಧಾನ. ಅಂಗಡಿ, ಬಸ್ ನಿಲ್ದಾಣ, ಆಸ್ಪತ್ರೆ ಎಲ್ಲ ಕಡೆಯೂ ಎರಡು ಭಾಷೆಯ ಫಲಕಗಳು.

ನಾವು ಹೋದ ಹಳ್ಳಿಯ ಹೆಸರು ಬೆಡ್‌ಗೆಲೆರ್ಟ್. ಹೊರಗಿನವರು ಹಾಗೆ ಓದುತ್ತಾರೆ, ಊರಿನವರು ಹಾಗೆ ಹೇಳುವುದಿಲ್ಲ. ಆ ನಡುವಿನ ಅಕ್ಷರವನ್ನು ಅವರು ಉಚ್ಚರಿಸುವುದನ್ನು ಕೇಳಿ ನನಗೆ ಖುಷಿಯೇ ಆಯಿತು. ನಾಲಿಗೆಯ ತುದಿಯನ್ನು ಹಲ್ಲಿನ ಅಂಚಿಗೆ ತಾಗಿಸಿ ಹೇಳಲು ಉಸ್ತಾದರು ನಮಗೆ ನೂರು ಸಲ ತಿದ್ದಿ ಕಲಿಸಿದ ಅರಬಿಯ 'ಝಾಲ್' ಅದು. 'ದಿಯೋಲ್ಖ್' ಎಂದರೆ ಧನ್ಯವಾದ. ಅದರ ಕೊನೆಯಲ್ಲಿ ಗಂಟಲಿನಿಂದ ಬರುವ 'ಖಾ' ಇದೆ. ಹೋಟೆಲಿನ ಹುಡುಗಿಗೆ ನಾನು ದಿಯೋಲ್ಖ್ ಎಂದಾಗ ಅವಳು ಬೆರಗಾಗಿ ನನ್ನ ಮುಖ ನೋಡಿದಳು. ಇಂಗ್ಲಿಷರಿಗೆ ಬಾರದ ಸ್ವರ ಈ ಹೆಂಗಸಿಗೆ ಹೇಗೆ ಬಂತು ಎಂದುಕೊಂಡಳೇನೋ.

ಹಳ್ಳಿ ಬಹಳ ಸಣ್ಣದು. ಕಪ್ಪು-ಬೂದು ಕಲ್ಲಿನ ಮನೆಗಳು, ಸ್ಲೇಟ್ ಹಂಚಿನ ಮಾಡು, ಕಿಟಕಿಗಳಲ್ಲಿ ಹೂವಿನ ಕುಂಡಗಳು. ಕೋಲ್ವಿನ್ ಎಂಬ ಹೊಳೆ ಊರಿನ ನಡುವೆ ಕಲ್ಲಿನ ಸೇತುವೆಯ ಅಡಿಯಿಂದ ಬಂದು ಗ್ಲಾಸ್‌ಲಿನ್ ನದಿಯನ್ನು ಸೇರುತ್ತದೆ. ಸುತ್ತಲೂ ಬೆಟ್ಟಗಳು. ಹತ್ತಿರದಲ್ಲೇ ವೇಲ್ಸ್‌ನ ಅತಿ ಎತ್ತರದ ಶಿಖರವಿದೆ, 1,085 ಮೀಟರ್. ಇಂಗ್ಲಿಷಿನಲ್ಲಿ ಅದು ಸ್ನೋಡನ್. ಆದರೆ 2022ರಿಂದ ಅಲ್ಲಿನ ರಾಷ್ಟ್ರೀಯ ಉದ್ಯಾನದ ಆಡಳಿತ 'ಅರ್ ವಿದ್ವಾ' ಎಂಬ ಹಳೆಯ ವೆಲ್ಷ್ ಹೆಸರನ್ನೇ ಬಳಸುತ್ತದೆ. ಆ ಬೆಟ್ಟಸಾಲಿನ ಎತ್ತರದ ಭಾಗಗಳಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಕರಾವಳಿಯಲ್ಲಿ ಹುಟ್ಟಿದ ನನಗೆ ಮಳೆಯ ಲೆಕ್ಕ ಹೊಸದಲ್ಲ, ಅಷ್ಟೊಂದು ತಣ್ಣಗಿನ ಮಳೆ ಮಾತ್ರ ಹೊಸದು. ನಮ್ಮ ಅದೃಷ್ಟಕ್ಕೆ ಆ ದಿನ ಒಂದೆರಡು ತುಂತುರು ಬಿಟ್ಟರೆ ಬಿಸಿಲಿತ್ತು.

ಊರು ದಾಟಿ ನದಿಯ ದಡ ಹಿಡಿದರೆ ಹುಲ್ಲುಗಾವಲು. ಅದು ಯಾರದ್ದೋ ಜಮೀನು. ಆದರೂ ಅದರ ನಡುವೆ ನಡೆದು ಹೋಗುವ ಹಕ್ಕು ಎಲ್ಲರಿಗೂ ಇದೆ. ಬ್ರಿಟನ್ನಿನ ಹಳ್ಳಿಗಾಡಿನಲ್ಲಿ ಹೀಗೆ ತಲೆಮಾರುಗಳಿಂದ ಜನ ನಡೆದ ಕಾಲುದಾರಿಗಳನ್ನು ಕಾನೂನು ಕಾಪಾಡಿದೆ. ಜಮೀನಿನ ಒಡೆಯ ಅದನ್ನು ಮುಚ್ಚುವಂತಿಲ್ಲ. ನಡೆಯುವವರೂ ಬೇಲಿ ಮುರಿಯುವಂತಿಲ್ಲ, ಗೇಟು ತೆರೆದರೆ ಮುಚ್ಚಿ ಹೋಗಬೇಕು. ಕೆಲವು ಕಡೆ ಗೋಡೆ ಹತ್ತಿ ಇಳಿಯಲು ಕಲ್ಲಿನ ಮೆಟ್ಟಿಲುಗಳಿವೆ. ನಮ್ಮ ತೋಟದ ಬೇಲಿಯ ತಡಮೆ ನೆನಪಾಯಿತು. "ಇಲ್ಲಿಯೂ ತಡಮೆ ಉಂಟು ಮಾರಾಯ್ತಿ, ಸೀರೆ ಉಟ್ಟು ಬಂದಿದ್ದರೆ ಗೊತ್ತಾಗುತ್ತಿತ್ತು" ಎಂದು ಗೆಳತಿ ನಕ್ಕಳು.

ಹುಲ್ಲಿನಲ್ಲಿ ಎಲ್ಲಿ ನೋಡಿದರೂ ತಾಯಿ ಕುರಿಗಳು ಮತ್ತು ಕುರಿಮರಿಗಳು. ಕೆಲವು ಕುರಿಗಳ ಮೈಮೇಲೆ ಬಣ್ಣದಲ್ಲಿ ಒಂದು ಸಂಖ್ಯೆ, ಅದರ ಮರಿಯ ಮೈಮೇಲೂ ಅದೇ ಸಂಖ್ಯೆ. ತಾಯಿ ಮಗು ಬೇರೆಯಾದರೆ ರೈತನಿಗೆ ಗುರುತು ಸಿಗಲಿ ಎಂದು. ಮರಿ ಸತ್ತುಹೋದ ಕುರಿಗೆ ಬೇರೆ ತಬ್ಬಲಿ ಮರಿಯನ್ನು ಒಗ್ಗಿಸುವ ಒಂದು ಹಳೆಯ ಉಪಾಯವನ್ನೂ ಗೆಳತಿ ಹೇಳಿದಳು. ಸತ್ತ ಮರಿಯ ಚರ್ಮವನ್ನು ತಬ್ಬಲಿಗೆ ಅಂಗಿಯ ಹಾಗೆ ತೊಡಿಸುತ್ತಾರೆ. ತನ್ನ ಮರಿಯ ವಾಸನೆ ಸಿಕ್ಕಿದ ತಾಯಿ ಅದಕ್ಕೆ ಹಾಲು ಕೊಡುತ್ತದೆ. ಕೆಲವು ದಿನಗಳಲ್ಲಿ ಚರ್ಮ ತೆಗೆಯುತ್ತಾರೆ. ಅಷ್ಟರಲ್ಲಿ ಅದು ಅವಳದೇ ಮರಿಯಾಗಿರುತ್ತದೆ.

ಇನ್ನು ಹೂಗಳು. ಅಲ್ಲಿನ ಕಾಡು ಓಕ್ ಮರಗಳದ್ದು. ಮಳೆಗೆ ಕಾಂಡಗಳೆಲ್ಲ ಪಾಚಿ ಹಿಡಿದು ಹಸಿರಾಗಿವೆ. ಓಕ್ ಮರ ಪೂರ್ತಿ ಚಿಗುರಿ ನೆರಳು ಕವಿಯುವ ಮೊದಲು ನೆಲಕ್ಕೆ ಬಿಸಿಲು ಬೀಳುವುದು ವಸಂತದ ಕೆಲವೇ ವಾರ. ಆ ವಾರಗಳಲ್ಲೇ ನೆಲದ ಗಿಡಗಳೆಲ್ಲ ಅವಸರವಾಗಿ ಹೂಬಿಟ್ಟು ಮುಗಿಸಿಬಿಡುತ್ತವೆ. ನಾವು ಹೋದಾಗ ಮರಗಳ ಬುಡದಲ್ಲಿ ಬ್ಲೂಬೆಲ್ ಅರಳಿತ್ತು. ಗಂಟೆಯಾಕಾರದ, ತಲೆ ಬಾಗಿಸಿದ ನೀಲಿ ಹೂವು. ಒಂದನ್ನು ಕಿತ್ತು ನೋಡಿದರೆ ಏನೂ ಇಲ್ಲ. ಸಾವಿರಾರು ಒಟ್ಟಿಗೆ ಅರಳಿದಾಗ ಕಾಡಿನ ನೆಲದ ಮೇಲೆ ನೀಲಿ ಹೊಗೆ ನಿಂತಂತೆ ಕಾಣುತ್ತದೆ. ಒದ್ದೆ ಜಾಗಗಳಲ್ಲಿ ಕಾಡುಬೆಳ್ಳುಳ್ಳಿಯ ಬಿಳಿ ಹೂ. ಎಲೆಯನ್ನು ಹಿಚುಕಿದರೆ ಥೇಟ್ ಒಗ್ಗರಣೆಯ ವಾಸನೆ, ನನಗೆ ಹಸಿವಾಯಿತು.

ಎಲ್ಲ ಹೂವೂ ಅಲ್ಲಿನವರಿಗೆ ಪ್ರಿಯವಲ್ಲ. ಬೆಟ್ಟದ ಮಗ್ಗುಲಲ್ಲಿ ದಟ್ಟ ಹಸಿರಿನ ಪೊದೆಗಳು ಕಂಡವು, ಅಲ್ಲಲ್ಲಿ ನೇರಳೆ ಬಣ್ಣದ ಮೊಗ್ಗು ಬಿರಿಯುತ್ತಿತ್ತು. "ಎಷ್ಟು ಚೆಂದ" ಎಂದೆ. "ಅದು ಇಲ್ಲಿನ ಲಂಟಾನ" ಎಂದಳು ಗೆಳತಿ. ರೋಡೋಡೆಂಡ್ರಾನ್ ಎಂಬ ಈ ಗಿಡವನ್ನು 18ನೇ ಶತಮಾನದಲ್ಲಿ ಅಂದಕ್ಕಾಗಿ ಹೊರದೇಶದಿಂದ ತಂದು ತೋಟಗಳಲ್ಲಿ ನೆಟ್ಟರಂತೆ. ಅದು ಬೇಲಿ ದಾಟಿ ಕಾಡು ಹೊಕ್ಕಿತು. ಅದರ ನೆರಳಿನಲ್ಲಿ ಬೇರೇನೂ ಬೆಳೆಯುವುದಿಲ್ಲ, ಎಲೆ ವಿಷವಾದ್ದರಿಂದ ಕುರಿಗಳೂ ಮುಟ್ಟುವುದಿಲ್ಲ. ಈಗ ಅದನ್ನು ಕಡಿದು ಸುಡುವುದಕ್ಕೆ ವರ್ಷವರ್ಷವೂ ಖರ್ಚು. ನಮ್ಮ ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ಲಂಟಾನ ಮಾಡಿದ್ದೂ ಇದನ್ನೇ ಅಲ್ಲವೇ?

ಹಳ್ಳಿಯಿಂದ ಹತ್ತು ನಿಮಿಷದ ನಡಿಗೆಯಲ್ಲಿ ಹುಲ್ಲುಗಾವಲಿನ ನಡುವೆ ಒಂದು ಮರ, ಅದರ ಬುಡದಲ್ಲಿ ತಗ್ಗು ಆವರಣ, ಒಳಗೆ ಸ್ಲೇಟ್ ಕಲ್ಲುಗಳು. ಒಂದರಲ್ಲಿ ವೆಲ್ಷ್, ಇನ್ನೊಂದರಲ್ಲಿ ಇಂಗ್ಲಿಷ್ ಬರಹ. ಬೆಡ್‌ಗೆಲೆರ್ಟ್ ಎಂದರೆ ಗೆಲೆರ್ಟನ ಸಮಾಧಿ. ಗೆಲೆರ್ಟ್ ಒಂದು ನಾಯಿ.

ಕಥೆ ಹೀಗಿದೆ. 13ನೇ ಶತಮಾನದಲ್ಲಿ ಲ್ಯೂವೆಲಿನ್ ಎಂಬ ರಾಜನಿದ್ದ. ಇವನು ಚರಿತ್ರೆಯಲ್ಲಿ ನಿಜವಾಗಿ ಆಳಿದವನು, 1240ರಲ್ಲಿ ತೀರಿಕೊಂಡ. ಅವನಿಗೆ ಗೆಲೆರ್ಟ್ ಎಂಬ ನೆಚ್ಚಿನ ಬೇಟೆನಾಯಿ ಇತ್ತಂತೆ. ಒಂದು ದಿನ ಅವನು ಬೇಟೆಗೆ ಹೋದಾಗ ನಾಯಿ ಜೊತೆಗೆ ಬರಲಿಲ್ಲ. ಹಿಂದಿರುಗಿದಾಗ ನಾಯಿ ಓಡಿಬಂದು ಬಾಲ ಆಡಿಸಿತು. ಅದರ ಬಾಯಿ ತುಂಬ ರಕ್ತ. ಒಳಗೆ ತೊಟ್ಟಿಲು ಮಗುಚಿ ಬಿದ್ದಿದೆ, ಬಟ್ಟೆಗಳೆಲ್ಲ ಕೆಂಪಾಗಿವೆ, ಮಗು ಕಾಣುತ್ತಿಲ್ಲ. ರಾಜ ಕತ್ತಿ ಹಿರಿದು ನಾಯಿಯನ್ನು ಇರಿದ. ಅದರ ಕೂಗಿಗೆ ಉತ್ತರವೋ ಎಂಬಂತೆ ತೊಟ್ಟಿಲ ಅಡಿಯಿಂದ ಮಗುವಿನ ಅಳು ಕೇಳಿಸಿತು. ಎತ್ತಿ ನೋಡಿದರೆ ಮಗು ಕ್ಷೇಮ. ಪಕ್ಕದಲ್ಲಿ ಸತ್ತು ಬಿದ್ದಿದೆ ದೊಡ್ಡದೊಂದು ತೋಳ.

ಸಹೋದರಿಯರೇ, ನಿಮಗೆ ಈಗಾಗಲೇ ಗೊತ್ತಾಗಿರಬೇಕು. "ನಮ್ಮ ಮುಂಗುಸಿಯ ಕಥೆಯೇ ಅಲ್ವಾ?" ಎಂದಳು ಗೆಳತಿ. ನೀರಿನ ಕೊಡ ಹೊತ್ತು ಬಂದ ತಾಯಿ, ಬಾಗಿಲಲ್ಲಿ ಬಾಯಿಗೆ ರಕ್ತ ಮೆತ್ತಿಕೊಂಡ ಮುಂಗುಸಿ, ತೊಟ್ಟಿಲ ಬಳಿ ತುಂಡಾಗಿ ಬಿದ್ದ ಹಾವು. ಪಂಚತಂತ್ರದ ಆ ಕಥೆಯನ್ನು ಕೇಳದೆ ಬೆಳೆದ ಕನ್ನಡದ ಮಕ್ಕಳಿಲ್ಲ. ಪಂಚತಂತ್ರ 11ನೇ ಶತಮಾನದಲ್ಲೇ ದುರ್ಗಸಿಂಹನಿಂದ ಕನ್ನಡಕ್ಕೆ ಬಂದಿದೆ.

ನಾನು ಇದೇ ಕಥೆಯನ್ನು ಇನ್ನೊಂದು ಕಡೆಯೂ ಓದಿದ್ದೆ, ಅರಬಿಯಲ್ಲಿ. 'ಕಲೀಲ ವ ದಿಮ್ನ' ಎಂಬ ಪುಸ್ತಕವನ್ನು ಅರಬಿ ಕಲಿತ ನಿಮ್ಮಲ್ಲಿ ಕೆಲವರು ಬಲ್ಲಿರಿ. ಆರನೇ ಶತಮಾನದಲ್ಲಿ ಇರಾನಿನ ದೊರೆ ನೌಶೇರ್ವಾನನ ಕಾಲದಲ್ಲಿ ಬುರ್ಜೋಯಿ ಎಂಬ ವೈದ್ಯ ಪಂಚತಂತ್ರವನ್ನು ಪಹ್ಲವಿ ಭಾಷೆಗೆ ತಂದ. ಎಂಟನೇ ಶತಮಾನದಲ್ಲಿ ಇಬ್ನುಲ್ ಮುಖಫ್ಫಅ ಅದನ್ನು ಅರಬಿಗೆ ತಿರುಗಿಸಿದ. ಅರಬಿ ಗದ್ಯದ ಮೊದಮೊದಲ ಶ್ರೇಷ್ಠ ಕೃತಿಗಳಲ್ಲಿ ಅದೊಂದು. ಅದರಲ್ಲಿ ಒಬ್ಬ ಸಾಧು ಇದ್ದಾನೆ, ಅವನು ಸಾಕಿದ 'ಇಬ್ನು ಇರ್ಸ್' ಇದೆ. ಅದು ಮುಂಗುಸಿಯನ್ನು ಹೋಲುವ ಸಣ್ಣ ಪ್ರಾಣಿ. ಕೊನೆ ಮಾತ್ರ ಬದಲಾಗಿಲ್ಲ. ಅರಬಿಯಿಂದ ಹೀಬ್ರೂವಿಗೆ, 13ನೇ ಶತಮಾನದಲ್ಲಿ ಹೀಬ್ರೂವಿನಿಂದ ಲ್ಯಾಟಿನ್ನಿಗೆ ಹೋಗಿ ಅದು ಯುರೋಪಿನಲ್ಲಿ ಹರಡಿತು. ಬೇರೆ ದಾರಿಯೂ ಇತ್ತು. 'ರೋಮಿನ ಏಳು ಜ್ಞಾನಿಗಳು' ಎಂಬ ಕಥಾಮಾಲೆಯಲ್ಲಿ ಮುಂಗುಸಿಯ ಜಾಗಕ್ಕೆ ನಾಯಿ ಬಂತು. ಆ ಕಥಾಮಾಲೆ ಮಧ್ಯಯುಗದಲ್ಲೇ ವೆಲ್ಷ್ ಭಾಷೆಯಲ್ಲಿ ಇತ್ತು. ಹಾವಿನ ಜಾಗಕ್ಕೆ ತೋಳ ಬಂದು ಕಥೆ ಅಲ್ಲಿನದೇ ಆಯಿತು. ಜಾನಪದ ಕಥೆಗಳನ್ನು ಸಂಗ್ರಹಿಸಿದ ಜೋಸೆಫ್ ಜೇಕಬ್ಸ್ 1892ರಲ್ಲಿ ಇದರ ಭಾರತದ ಬೇರನ್ನು ಬರೆದಿಟ್ಟಿದ್ದಾರೆ.

ಹಾಗಾದರೆ ಆ ಸಮಾಧಿ? ಅಲ್ಲಿ ಯಾವ ನಾಯಿಯೂ ಇಲ್ಲವಂತೆ. 18ನೇ ಶತಮಾನದ ಕೊನೆಗೆ ಊರಿನ ಹೋಟೆಲಿಗೆ ಬಂದ ಡೇವಿಡ್ ಪ್ರಿಚರ್ಡ್ ಎಂಬಾತ ಪ್ರವಾಸಿಗಳನ್ನು ಸೆಳೆಯಲು ಕಲ್ಲುಗಳನ್ನು ನಿಲ್ಲಿಸಿದ ಎನ್ನುತ್ತಾರೆ. ಊರಿನ ಹೆಸರು ಬಹುಶಃ ಅದಕ್ಕಿಂತ ಬಹಳ ಹಿಂದಿನ ಒಬ್ಬ ಕ್ರೈಸ್ತ ಸಂತನದು. ಇದನ್ನೆಲ್ಲ ಗೊತ್ತಿದ್ದೂ ಜನ ಬರುತ್ತಾರೆ. ನಾವು ನಿಂತಿದ್ದಾಗ ಒಬ್ಬ ಮುದುಕಿ ತನ್ನ ಮೊಮ್ಮಗನಿಗೆ ಕಲ್ಲು ಓದಿ ಹೇಳುತ್ತಿದ್ದಳು, ಹುಡುಗ ಕಣ್ಣೊರೆಸಿಕೊಳ್ಳುತ್ತಿದ್ದ.

ನಾನು ಆ ಮಗುವನ್ನು ನೋಡುತ್ತಿರಲಿಲ್ಲ. ಗೆಳತಿಯನ್ನೂ ನೋಡಲಾಗಲಿಲ್ಲ.

ಕಾರಣ ಹೇಳುತ್ತೇನೆ. 2009ರಲ್ಲಿ ನಾವಿಬ್ಬರೂ ಒಂದು ಶಾಲೆಯಲ್ಲಿ ಶಿಕ್ಷಕಿಯರು. ಮಕ್ಕಳ ಪ್ರವಾಸಕ್ಕೆ ಸಂಗ್ರಹಿಸಿದ 4,800 ರೂಪಾಯಿ ಸ್ಟಾಫ್ ರೂಮಿನ ಕಪಾಟಿನಲ್ಲಿ ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಒಂದು ಬೆಳಿಗ್ಗೆ ನೋಡಿದರೆ ಡಬ್ಬಿ ಖಾಲಿ. ಮುಖ್ಯೋಪಾಧ್ಯಾಯಿನಿ ಕೇಳಿದಾಗ ನಾನು, "ಬೀಗದ ಕೈ ಅವಳ ಹತ್ತಿರ ಇತ್ತು" ಎಂದೆ. ಅಷ್ಟೇ ಹೇಳಿದ್ದು. ಅವಳು ಕದ್ದಳು ಎಂದು ನಾನು ಹೇಳಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅವಳನ್ನು ಕಚೇರಿಗೆ ಕರೆದರು, ಬಾಗಿಲು ಮುಚ್ಚಿದರು. ನಾಲ್ಕು ದಿನಗಳ ನಂತರ ರಜೆ ಮುಗಿಸಿ ಬಂದ ಇನ್ನೊಬ್ಬ ಶಿಕ್ಷಕಿ, ಬಸ್ಸಿನವರಿಗೆ ಮುಂಗಡ ಕೊಟ್ಟ ರಶೀದಿಯನ್ನು ಬ್ಯಾಗಿನಿಂದ ತೆಗೆದು ಮೇಜಿನ ಮೇಲಿಟ್ಟಳು. ಗಡಿಬಿಡಿಯಲ್ಲಿ ಯಾರಿಗೂ ಹೇಳದೆ ಊರಿಗೆ ಹೋಗಿದ್ದಳಂತೆ. ಗೆಳತಿ ಆ ವರ್ಷ ಮುಗಿಯುವವರೆಗೆ ಪಾಠ ಮಾಡಿದಳು, ಆಮೇಲೆ ಬಿಟ್ಟಳು. ಅವಳ ಮದುವೆಗೆ ಹೋಗಿ ನಾನು ಬಿರಿಯಾನಿ ತಿಂದು ಬಂದೆ. ಪ್ರತಿ ಹಬ್ಬಕ್ಕೂ ಮೆಸೇಜು ಕಳುಹಿಸಿದೆ. ಆ ಒಂದು ಮಾತನ್ನು ಮಾತ್ರ ಆಡಲಿಲ್ಲ.

ಸಮಾಧಿಯಿಂದ ಮುಂದೆ ನದಿ ದಾಟಿ ಆಚೆ ದಡಕ್ಕೆ ಹೋದೆವು. ಅಲ್ಲೊಂದು ಪುಟ್ಟ ರೈಲು ಹಳಿ ಅಡ್ಡ ಬರುತ್ತದೆ, ಅಗಲ ಎರಡು ಅಡಿಗೂ ಕಡಿಮೆ. 1937ರಲ್ಲಿ ಮುಚ್ಚಿಹೋಗಿದ್ದ ಈ ವೆಲ್ಷ್ ಹೈಲ್ಯಾಂಡ್ ರೈಲನ್ನು ಸ್ವಯಂಸೇವಕರೂ ಸೇರಿ ಮತ್ತೆ ಕಟ್ಟಿದರು. 2011ರಿಂದ ಅದು ಸಮುದ್ರ ತೀರದ ಪೋರ್ತ್‌ಮಾಡೋಗ್‌ವರೆಗೆ ಓಡುತ್ತಿದೆ. ಎಳೆಯುವ ಉಗಿಯಂತ್ರಗಳು ಹಿಂದೆ ದಕ್ಷಿಣ ಆಫ್ರಿಕದಲ್ಲಿ ದುಡಿದವು. ನಾವು ಹಳಿ ದಾಟಿದ ಸ್ವಲ್ಪ ಹೊತ್ತಿಗೆ ಕೂ ಎಂದು ಬಂತು. ಡಬ್ಬಿಯೊಳಗಿನ ಅಪರಿಚಿತರೆಲ್ಲ ಕೈ ಬೀಸಿದರು, ನಾವೂ ಬೀಸಿದೆವು.

ಮುಂದೆ ಅಬರ್‌ಗ್ಲಾಸ್‌ಲಿನ್ ಕಂದರ. ಎರಡು ಬೆಟ್ಟಗಳು ಒತ್ತಿಕೊಂಡು ನಿಂತ ಕಡೆ ನದಿ ಬಂಡೆಗಳ ನಡುವೆ ನೊರೆಯಾಗಿ ಧುಮುಕುತ್ತದೆ. ಹಿಂದೆ ಸಾಲ್ಮನ್ ಮೀನು ಹಿಡಿಯುವವರು ನಡೆದ ದಾರಿ ನೀರಿನ ಪಕ್ಕದಲ್ಲೇ ಬಂಡೆಯ ಮೇಲೆ ಸಾಗುತ್ತದೆ. ಇಕ್ಕಟ್ಟಾದ ಕಡೆ ಹಿಡಿದುಕೊಳ್ಳಲು ಬಂಡೆಗೆ ಕಬ್ಬಿಣದ ಹಿಡಿಗಳನ್ನು ಬಡಿದಿದ್ದಾರೆ. ನಿಮಗೆ ಹೋಗುವ ಅವಕಾಶ ಸಿಕ್ಕಿದರೆ ಚಪ್ಪಲಿಯಲ್ಲಿ ಹೋಗಬೇಡಿ, ನನ್ನ ಪಾಡು ನನಗೆ ಗೊತ್ತು. ಒಂದು ಕಡೆ ಕಾಲು ಜಾರಿ ನಾನು ಬಂಡೆಗೆ ಅಂಟಿ ನಿಂತುಬಿಟ್ಟೆ. ಮುಂದೆ ಹೋಗಿದ್ದವಳು ತಿರುಗಿ ಬಂದು ಕೈ ಚಾಚಿದಳು. ಆ ಕೈ ಹಿಡಿದು ದಾಟಿದ ಮೇಲೆ ಹೇಳಿದೆ. ಹದಿನೈದು ವರ್ಷಗಳಿಂದ ಹೇಗೆ ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಟ್ಟಿದ್ದ ಒಂದು ವಾಕ್ಯವೂ ಬರಲಿಲ್ಲ. "ಆ ದುಡ್ಡಿನ ವಿಷಯ... ನಾನು ಹಾಗೆ ಹೇಳಬಾರದಿತ್ತು" ಎಂದೆ, ಅಷ್ಟೇ.

ನೀರಿನ ಸದ್ದಿಗೆ ಅವಳಿಗೆ ಕೇಳಿಸಿತೋ ಇಲ್ಲವೋ ಎಂದುಕೊಂಡೆ. ಕೇಳಿಸಿತ್ತು. ತುಸು ದೂರ ನಡೆದು ಒಂದು ಚಪ್ಪಟೆ ಬಂಡೆಯ ಮೇಲೆ ಕುಳಿತು ಮಾತಾಡಿದಳು.

"ನೀನು ಹೇಳಿದ್ದು ಸುಳ್ಳಲ್ಲ. ಕೀ ನನ್ನ ಹತ್ತಿರವೇ ಇತ್ತು. ಆದರೆ ನಾನು ನಿನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಒಂದು ಸಲ ನನ್ನನ್ನು ಕೇಳಬಹುದಿತ್ತು."

ನಾನು ಮಾತಾಡಲಿಲ್ಲ.

"ಆ ದಿನ ರಾತ್ರಿ ಉಪ್ಪನಿಗೆ ಯಾರೋ ಹೇಳಿದ್ರು. ಅವರು ನನ್ನನ್ನು ಬೈಯಲಿಲ್ಲ, ಕೇಳಲೂ ಇಲ್ಲ. ಮರುದಿನ ಬೆಳಿಗ್ಗೆ 4,800 ರೂಪಾಯಿ ಎಣಿಸಿ ನನ್ನ ಕೈಯಲ್ಲಿಟ್ಟು, ಕೊಟ್ಟುಬಿಡು ಮಗಳೇ ಅಂದ್ರು. ರಶೀದಿ ಸಿಕ್ಕಿದ ಮೇಲೆ ನಾನು ಹೋಗಿ ಹೇಳಿದೆ. ಹೂಂ ಅಂದ್ರು. ನಂಬಿದ್ರೋ ಇಲ್ವೋ ನನಗೆ ಇವತ್ತಿಗೂ ಗೊತ್ತಿಲ್ಲ. ಈಗ ಅವರೂ ಇಲ್ಲ."

ಲುಹರ್‌ನ ಸಮಯವಾಗಿತ್ತು. ನದಿಯಲ್ಲಿ ವುಝೂ ಮಾಡಿದೆವು. ನೀರು ಎಷ್ಟು ತಣ್ಣಗಿತ್ತೆಂದರೆ ಕೈ ಮರಗಟ್ಟಿತು. ಆ ಬಂಡೆಯ ಮೇಲೆಯೇ ನಮಾಝ್ ಮುಗಿಸಿ, ಅವಳು ಕಟ್ಟಿ ತಂದಿದ್ದ ಪತ್ತಿರ್ ಮತ್ತು ಮೊಟ್ಟೆ ಪಲ್ಯ ತಿಂದೆವು.

ದಾರಿ ಕೊನೆಯಾಗುವುದು ಒಂದು ಹಳೆಯ ಕಲ್ಲಿನ ಸೇತುವೆಯಲ್ಲಿ. ಅಲ್ಲಿಂದ ಕೆಳಗೆ ಈಗ ಕಾಣುವುದು ಬರೀ ಹುಲ್ಲುಗಾವಲು. ಆದರೆ ಒಂದು ಕಾಲದಲ್ಲಿ ಸಮುದ್ರದ ಉಬ್ಬರ ಅಲ್ಲಿಯವರೆಗೂ ಬರುತ್ತಿತ್ತು. 1811ರಲ್ಲಿ ವಿಲಿಯಂ ಮಾಡಕ್ಸ್ ಎಂಬವರು ಪೋರ್ತ್‌ಮಾಡೋಗ್‌ನಲ್ಲಿ ಅಡ್ಡಕಟ್ಟೆ ಕಟ್ಟಿ ಮುಗಿಸಿದ ಮೇಲೆ ಸಮುದ್ರ ಹಿಂದೆ ಸರಿಯಿತು. ಹಿಂದಿರುಗುವಾಗ ಗೆಳತಿ ಎಂದಿನಂತೆ ಮಾತಾಡಿದಳು. ಹೆಚ್ಚಾಗಿ ಮಗಳ ಬಗ್ಗೆ. ಆ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮುಖ್ಯವಾಗಿ ವೆಲ್ಷ್‌ನಲ್ಲೇ. ಹಾಗಾಗಿ ಹುಡುಗಿ ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ವೆಲ್ಷ್, ಟಿವಿಯ ಮುಂದೆ ಇಂಗ್ಲಿಷ್. 19ನೇ ಶತಮಾನದಲ್ಲಿ ಶಾಲೆಯಲ್ಲಿ ವೆಲ್ಷ್ ಮಾತಾಡಿದ ಮಕ್ಕಳ ಕೊರಳಿಗೆ ಮರದ ತುಂಡು ನೇತುಹಾಕಿ ಶಿಕ್ಷಿಸುತ್ತಿದ್ದ ನಾಡು ಅದು. 2021ರ ಜನಗಣತಿಯ ಪ್ರಕಾರ ವೇಲ್ಸ್‌ನಲ್ಲಿ ವೆಲ್ಷ್ ಬಲ್ಲವರು ಶೇ. 17.8 ಮಾತ್ರ, ಆದರೆ ಬೆಡ್‌ಗೆಲೆರ್ಟ್ ಇರುವ ಗ್ವಿನೆದ್‌ನಲ್ಲಿ ಶೇ. 64.4. 2050ರೊಳಗೆ ಹತ್ತು ಲಕ್ಷ ಜನ ಮಾತಾಡುವಂತಾಗಬೇಕು ಎಂದು ಅಲ್ಲಿನ ಸರಕಾರ ಗುರಿ ಇಟ್ಟಿದೆ. "ನನ್ನ ಮಗಳು ಅದರಲ್ಲಿ ಒಬ್ಬಳು" ಎಂದು ಗೆಳತಿ ಹೆಮ್ಮೆಯಿಂದಲೇ ಹೇಳಿದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ ಎಂಬುದು ಮಾತ್ರ ಕೊರಗು.

ಕಾರು ಹತ್ತುವ ಮೊದಲು ಕೇಳಿಯೇಬಿಟ್ಟೆ. "ನನ್ನನ್ನು ಇಲ್ಲಿಗೆ ಬೇಕೆಂದೇ ಕರೆದುಕೊಂಡು ಬಂದೆಯಾ? ಆ ಕಲ್ಲು ತೋರಿಸಲು?"

ಅವಳು ಜೋರಾಗಿ ನಕ್ಕಳು. "ಇಲ್ಲ ಮಾರಾಯ್ತಿ. ಬೇರೆ ಕಡೆ ಪಾರ್ಕಿಂಗ್ ಸಿಗುವುದಿಲ್ಲ."

ಆಮೇಲೆ ನಗು ನಿಲ್ಲಿಸಿ ಹೇಳಿದಳು: "ಊರಿಗೆ ಹೋದ ಮೇಲೆ ಒಂದು ಕೆಲಸ ಮಾಡು. ಉಮ್ಮನ ಹತ್ತಿರ ಹೋಗಿ ನೀನೇ ಹೇಳು, ದುಡ್ಡು ನಾನು ತೆಗೆದದ್ದಲ್ಲ ಅಂತ."

ಜೂನ್‌ನಲ್ಲಿ ಮಳೆ ಹಿಡಿದ ಒಂದು ಸಂಜೆ ಅವರ ಮನೆಗೆ ಹೋದೆ. ಉಮ್ಮ ಒಬ್ಬರೇ ಇದ್ದರು. ಗೆಳತಿ ಕೊಟ್ಟ ಚಾಕಲೇಟು, ಫೋಟೋಗಳನ್ನು ಕೊಟ್ಟೆ. ಆಮೇಲೆ ಡಬ್ಬಿ, ಬೀಗದ ಕೈ, ರಶೀದಿ, ನಾನು ಆಡಿದ ಮಾತು, ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಅವರು ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಳ್ಳುತ್ತಾ ಪೂರ್ತಿ ಕೇಳಿದರು. ಬಹಳ ಹೊತ್ತು ಏನೂ ಹೇಳಲಿಲ್ಲ, ಮಾಡಿನ ನೀರು ಅಂಗಳಕ್ಕೆ ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ಫೋಟೋವೊಂದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಅಲ್ಲಿ ಈಗಲೂ ಚಳಿಯಾ? ಅವಳು ಸ್ವೆಟರ್ ಸರಿಯಾಗಿ ಹಾಕಿಕೊಳ್ತಾಳಾ?" ಎಂದು ಕೇಳಿದರು. ಹಾಕಿಕೊಳ್ಳುತ್ತಾಳೆ ಎಂದೆ. ಚಹಾ ಇಡಲು ಒಳಗೆ ಹೋದರು.